ಏರಿಯ ಮೇಲೆ ನಡೆಯುವವರು ಯಾರು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನನ್ನ ಮಗ ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ ಮನೆ ಕೊಂಡಿದ್ದಾನೆ. ಮನೆಯ ಮೇಲ್ಭಾಗದ ಹಳ್ಳಕ್ಕೆ, ಪ್ರವಾಹ ತಡೆಯಲೆಂದು ಕಟ್ಟಿದ ಸಣ್ಣ ಮಣ್ಣಿನ ಅಣೆಕಟ್ಟೊಂದಿದೆ. ಸರ್ಕಾರದ ಪಟ್ಟಿಯಲ್ಲಿ ಅದನ್ನು ‘ಹೈ ಹಜಾರ್ಡ್’ ಎಂದೂ ಅದರ ಸ್ಥಿತಿ ‘ಫೇರ್’ ಎಂದೂ ಬರೆದಿದ್ದಾರಂತೆ. ಮನೆ ಮಾರಿ ಬೇರೆ ಕಡೆಗೆ ಹೋಗು ಎಂದರೆ ಮಗ ಕೇಳುವುದಿಲ್ಲ. ನಮ್ಮೂರ ಕೆರೆಗೆ ಇಂಥ ದರ್ಜೆಯೂ ಇಲ್ಲ, ನಮಗೆ ಭಯವೂ ಇಲ್ಲ. ಹೀಗಿರುವುದೇ ಒಳ್ಳೆಯದಲ್ಲವೇ?
– ನಿವೃತ್ತ ಕನ್ನಡ ಶಿಕ್ಷಕರು, ಅಮರಾಪುರ ಮಂಡಲ, ಶ್ರೀ ಸತ್ಯಸಾಯಿ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದ ಕೊನೆಯ ಪ್ರಶ್ನೆಗೆ ಉದ್ದನೆಯ ಉತ್ತರ ಕೊಡಲೇಬೇಕಾಗಿದೆ. ಅದಕ್ಕೆ ಮೊದಲು ನಿಮ್ಮ ಮಗನ ಮನೆಯ ವಿಚಾರ ಮುಗಿಸೋಣ. ಅಮೆರಿಕದವರು ಒಂದು ಅಣೆಕಟ್ಟಿಗೆ ಎರಡು ಬೇರೆಬೇರೆ ದರ್ಜೆಗಳನ್ನು ಕೊಡುತ್ತಾರೆ. ‘ಹೈ ಹಜಾರ್ಡ್’ ಎಂಬುದು, ಕಟ್ಟೆ ಒಡೆದರೆ ಕೆಳಗಿನ ಜನರ ಪ್ರಾಣಕ್ಕೆ ಎರವಾಗುವ ಸಂಭವವಿದೆ ಎಂದಷ್ಟೇ ತಿಳಿಸುತ್ತದೆ. ಕಟ್ಟೆ ಗಟ್ಟಿಯಾಗಿದೆಯೋ ಶಿಥಿಲವಾಗಿದೆಯೋ ಎಂಬ ಮಾತು ಅದರಲ್ಲಿ ಇಲ್ಲ. ಎರಡನೆಯ ದರ್ಜೆ ಸ್ಥಿತಿಯದು. ‘ಫೇರ್’ ಎಂದರೆ ದಿನನಿತ್ಯದ ಭಾರಕ್ಕೆ ಯಾವ ದೋಷವೂ ಕಂಡಿಲ್ಲ, ಅಪರೂಪದ ಮಹಾಮಳೆಯೋ ಭೂಕಂಪವೋ ಬಂದರೆ ಕೊರತೆ ಕಾಣಿಸಬಹುದು ಎಂದರ್ಥ. ಅದಕ್ಕಿಂತ ಕೆಳಗೆ ‘ಪೂರ್’ ಮತ್ತು ‘ಅನ್‌ಸ್ಯಾಟಿಸ್ಫ್ಯಾಕ್ಟರಿ’ ಎಂಬ ಇನ್ನೂ ಎರಡು ಮೆಟ್ಟಿಲುಗಳಿವೆ. ಹಾಗಾಗಿ ಈ ಎರಡು ಮಾತುಗಳ ಬಲದ ಮೇಲೆಯೇ ಮಗನಿಗೆ ಮನೆ ಮಾರು ಎನ್ನುವುದು ಅವಸರವಾದೀತು.

ಆ ಕಟ್ಟೆಗಳ ಚರಿತ್ರೆಯನ್ನೂ ನೀವು ತಿಳಿದಿರುವುದು ಒಳ್ಳೆಯದು. 1944 ಮತ್ತು 1954ರ ಕಾಯ್ದೆಗಳಡಿ ಅಲ್ಲಿನ ಮಣ್ಣು ಸಂರಕ್ಷಣಾ ಇಲಾಖೆಯ ನೆರವಿನಿಂದ ಹಳ್ಳಕೊಳ್ಳಗಳ ಮೇಲ್ಭಾಗದಲ್ಲಿ ಇಂಥ ಸುಮಾರು 12,000 ಸಣ್ಣ ಕಟ್ಟೆಗಳು ಎದ್ದವು. ಮೊದಲನೆಯದು 1948ರಲ್ಲಿ ಓಕ್ಲಹೋಮಾದ ಕ್ಲೌಡ್ ಕ್ರೀಕ್‌ನಲ್ಲಿ ಮುಗಿಯಿತು. ಇಂದು ಆ ಒಂದೇ ರಾಜ್ಯದಲ್ಲಿ ಇಂಥವು 2,000ಕ್ಕೂ ಹೆಚ್ಚಿವೆ. ಕಟ್ಟೆಯ ಒಳಗೆ ನಿಲ್ಲಿಸಿದ ಕೊಳವೆಯ ಬಾಯಿಯಿಂದ ಪ್ರವಾಹದ ನೀರು ನಿಧಾನವಾಗಿ ಹೊರಗೆ ಹೋಗುತ್ತದೆ, ಅದು ಸಾಲದಿದ್ದಾಗ ಪಕ್ಕದಲ್ಲಿ ಹುಲ್ಲು ಬೆಳೆಸಿದ ಮಣ್ಣಿನ ಕೋಡಿ ಹರಿಯುತ್ತದೆ. ಬಹುತೇಕ ಕಟ್ಟೆಗಳನ್ನು 50 ವರ್ಷದ ಬಾಳಿಕೆಗೆ ಯೋಜಿಸಲಾಗಿತ್ತು, ಆ ಅವಧಿ ಅನೇಕವಕ್ಕೆ ಎಂದೋ ಮುಗಿದಿದೆ. ಕಟ್ಟುವಾಗ ಕೆಳಗಿದ್ದದ್ದು ಹೊಲ ಮತ್ತು ಹುಲ್ಲುಗಾವಲು. ಈಗ ಅಲ್ಲಿ ಮನೆಗಳಿವೆ. ಕಟ್ಟೆಯ ಒಂದು ಬುಟ್ಟಿ ಮಣ್ಣೂ ಅಲುಗದೆ, ಕೆಳಗೆ ಮನೆಗಳೆದ್ದ ಕಾರಣಕ್ಕೇ ಅದರ ಅಪಾಯದ ದರ್ಜೆ ಮೇಲೇರುತ್ತದೆ. ನಿಮ್ಮ ಮಗನ ಬಡಾವಣೆಯಿಂದಲೇ ಆ ಕಟ್ಟೆಗೆ ‘ಹೈ ಹಜಾರ್ಡ್’ ಎಂಬ ಹೆಸರು ಬಂದಿದ್ದರೂ ಆಶ್ಚರ್ಯವಿಲ್ಲ.

ದರ್ಜೆ ಕೊಡುವ ಎಂಜಿನಿಯರರ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲಿದ್ದ ಮಚ್ಛು-2 ಅಣೆಕಟ್ಟಿನ ಮಣ್ಣಿನ ಏರಿಗಳು ಕೊಚ್ಚಿಹೋಗಿ ಸಾವಿರಾರು ಜನ ಸತ್ತದ್ದು, ಬಂದ ನೆರೆಯನ್ನು ಹೊರಬಿಡಲು ಗೇಟುಗಳ ಅಳತೆ ಸಾಲದೆ ಹೋದದ್ದರಿಂದ. ಆ ಕೊರತೆ ತಿಳಿಯಬೇಕಾದರೆ ಮಳೆಯ ಲೆಕ್ಕ ಬಲ್ಲವರೇ ಬೇಕು. ಅಮೆರಿಕದ ಮಿಷಿಗನ್ ರಾಜ್ಯದ ಈಡನ್‌ವಿಲ್ ಅಣೆಕಟ್ಟಿನಲ್ಲಿಯೂ ಕೋಡಿ ಸಾಲದೆಂಬ ಚಿಂತೆಯೇ ವರ್ಷಾನುಗಟ್ಟಲೆ ಕಡತಗಳಲ್ಲಿತ್ತು. ಆದರೆ 2020ರ ಮೇ 19ರಂದು ನೀರು ಏರಿಯ ನೆತ್ತಿ ದಾಟುವ ಮೊದಲೇ, 1920ರ ದಶಕದಲ್ಲಿ ಸಡಿಲವಾಗಿ ತುಂಬಿದ ಮರಳು ಬಲ ಕಳೆದುಕೊಂಡು ಏರಿಯ ಒಂದು ಭಾಗ ಜಾರಿಹೋಯಿತು. ಕಾವಲಿನವನ ಕಣ್ಣಿಗೂ ಅದು ಬೀಳುತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ದರ್ಜೆ ಬರೆದವರು ಒಂದು ಕಡೆ ನೋಡುತ್ತಿದ್ದಾಗ ಕಟ್ಟೆ ಇನ್ನೊಂದು ಕಡೆ ಒಡೆಯಿತು ಎಂಬುದನ್ನು ಮರೆಯುವಂತಿಲ್ಲ.

ಇನ್ನು ನನ್ನ ಮನಸ್ಸಿನ ಮಾತು. ಮಣ್ಣಿನ ಏರಿಗೆ ವರ್ಷಕ್ಕೊಮ್ಮೆ ಬಂದು ತಪಾಸಣೆಯ ನಮೂನೆ ತುಂಬುವ ಅಧಿಕಾರಿಗಿಂತ, ದಿನವೂ ಅದರ ಮೇಲೆ ನಡೆಯುವ ಮನುಷ್ಯನ ಅಗತ್ಯ ಹೆಚ್ಚು. ಕಲ್ಲಿನ ಕಟ್ಟೆಯ ಮೇಲೆ ನೀರು ಉಕ್ಕಿ ಹರಿದರೂ ಅದು ಸ್ವಲ್ಪ ಹೊತ್ತು ತಡೆದೀತು. ಮಣ್ಣಿನ ಏರಿ ತಡೆಯದು. ಅದರ ಕಾಯಿಲೆಗಳು ಒಳಗೇ ಶುರುವಾಗುತ್ತವೆ. ಸೀಮೆಜಾಲಿಯ ಬೇರು ಸತ್ತು ಒಣಗಿದ ದಾರಿಯಲ್ಲಿ, ಹೆಗ್ಗಣದ ಬಿಲದಲ್ಲಿ, ತೂಬಿನ ಪಕ್ಕದ ಸಂದಿನಲ್ಲಿ ನೀರು ಜಾಡು ಹಿಡಿಯುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿರುವವರೆಗೆ ಅಷ್ಟು ಆತಂಕವಿಲ್ಲ. ಅದು ಕದಡಿ ಬರತೊಡಗಿದರೆ ಏರಿಯ ಮಣ್ಣೇ ಹೊರಗೆ ಹೋಗುತ್ತಿದೆ ಎಂದು ತಿಳಿಯಬೇಕು. ನಿನ್ನೆ ತಿಳಿಯಾಗಿದ್ದ ನೀರು ಇಂದು ಕದಡಿದೆ ಎಂದು ಹೇಳಬಲ್ಲವನು ನಿನ್ನೆಯೂ ಅಲ್ಲಿಗೆ ಹೋಗಿದ್ದವನು ಮಾತ್ರ. ಪ್ರವಾಹ ತಡೆಯುವ ಕಟ್ಟೆಗಳಿಗಂತೂ ಇದು ಇನ್ನೂ ಮುಖ್ಯ, ಏಕೆಂದರೆ ಅವು ವರ್ಷದ ಬಹುಪಾಲು ಹೆಚ್ಚುಕಡಿಮೆ ಬರಿದಾಗಿಯೇ ಇದ್ದು, ಬಿಸಿಲಿಗೆ ಬಿರುಕು ಬಿಟ್ಟು, ಒಂದೇ ರಾತ್ರಿಯಲ್ಲಿ ತುಂಬಿಕೊಳ್ಳುತ್ತವೆ.

ನಮ್ಮ ಸೀಮೆಯ ಕೆರೆಗಳಲ್ಲಿ ಈ ಕೆಲಸ ನೀರಗಂಟಿಯದಾಗಿತ್ತು. ತೂಬು ಎತ್ತಿ ಗದ್ದೆಗೆ ನೀರು ಹಂಚುವುದು ಅವನ ಕೆಲಸದ ಅರ್ಧ ಮಾತ್ರ. ಮಳೆಗಾಲದ ರಾತ್ರಿ ಏರಿಯ ಉದ್ದಕ್ಕೂ ಓಡಾಡಿ, ಕೋಡಿಗೆ ಅಡ್ಡಬಿದ್ದ ಕಸ ಕಿತ್ತು, ಕುಸಿತ ಕಂಡರೆ ಊರನ್ನು ಎಬ್ಬಿಸುವುದು ಉಳಿದರ್ಧ. ಊರವರು ಸುಗ್ಗಿಯಲ್ಲಿ ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ನಮ್ಮ ಶಾಸನಗಳನ್ನು ಓದಿದವರಿಗೆ ಕೆರೆಯ ಕೆಲಸಕ್ಕೆಂದು ದಾನ ಬಿಟ್ಟ ಕಟ್ಟುಕೊಡಿಗೆಯ ಭೂಮಿ, ಏರಿಗೆ ಮಣ್ಣು ಹೊರುವ ಕೆರೆಬಂಡಿ, ಅದರ ಎತ್ತುಗಳ ಮೇವಿಗೆಂದು ಬಿಟ್ಟ ದತ್ತಿ, ಇವೆಲ್ಲ ಪರಿಚಿತ. ಕೆರೆ ಕಟ್ಟಿಸಿದವರು ಅದನ್ನು ಕಾಯುವವರ ಅನ್ನಕ್ಕೂ ವ್ಯವಸ್ಥೆ ಮಾಡಿದ್ದರು. ಈಗ ಹೂಳೆತ್ತಲು ಟೆಂಡರ್ ಕರೆಯುತ್ತಾರೆ, ಬಿಲ್ಲು ಪಾಸಾಗುತ್ತದೆ, ನೀರಗಂಟಿಯ ಸಂಬಳಕ್ಕೆ ಮಾತ್ರ ಯಾವ ಲೆಕ್ಕದಲ್ಲಿಯೂ ತಲೆಬರಹವಿಲ್ಲ. ಆಂಧ್ರದಲ್ಲಿ 1997ರ ಕಾಯ್ದೆಯ ಪ್ರಕಾರ ನೀರು ಬಳಕೆದಾರರ ಸಂಘಗಳಾದವು. ಸಂಘಕ್ಕೆ ಅಧ್ಯಕ್ಷರಿರುತ್ತಾರೆ, ಏರಿಯ ಮೇಲೆ ಆಳಿರುವುದಿಲ್ಲ.

ಕಣ್ಣಿದ್ದರೂ ಅದನ್ನು ನಂಬದಿದ್ದರೆ ಏನಾಗುತ್ತದೆಂಬುದಕ್ಕೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಸಾಕ್ಷಿ. 2019ರ ಜುಲೈ 2ರ ರಾತ್ರಿ ಅಲ್ಲಿನ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಮಂದಿ ನೀರುಪಾಲಾದರು. ಏರಿ ಸೋರುತ್ತಿದೆಯೆಂದು ಹಳ್ಳಿಗರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ರಾಜ್ಯದ ಜಲಸಂರಕ್ಷಣಾ ಸಚಿವರು ಏಡಿಗಳು ಕೊರೆದದ್ದರಿಂದ ಹೀಗಾಯಿತೆಂದರು. ಏಡಿ ಏರಿಯನ್ನು ಕೊರೆಯುವುದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಬಿಲ ಕಂಡ ದಿನವೇ ಜೇಡಿಮಣ್ಣು ಮೆತ್ತಿ ದಮ್ಮಸು ಮಾಡಲು ಒಬ್ಬನನ್ನೂ ನೇಮಿಸದೆ ಇದ್ದವರು ಏಡಿಯ ಹೆಸರು ಹೇಳಿದ್ದನ್ನು ನಾನು ಇಂದಿಗೂ ಕ್ಷಮಿಸಲಾರೆ.

ನಿಮ್ಮ ಕೆರೆಗೆ ದರ್ಜೆಯಿಲ್ಲವೆಂದು ನೆಮ್ಮದಿಪಟ್ಟಿರಲ್ಲ ಮೇಷ್ಟ್ರೇ, ಇಲ್ಲಿ ನಿಮ್ಮನ್ನು ಸ್ವಲ್ಪ ಆಕ್ಷೇಪಿಸಬೇಕಾಗಿದೆ. ದರ್ಜೆಯಿಲ್ಲದ್ದು ಅಪಾಯವಿಲ್ಲದ್ದರಿಂದಲ್ಲ, ಕಾನೂನಿನ ಕಣ್ಣಿಗೆ ನಿಮ್ಮ ಕೆರೆ ಕಾಣದ್ದರಿಂದ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೂ, 10ರಿಂದ 15 ಮೀಟರಿನೊಳಗಿದ್ದು ಉದ್ದ, ಸಂಗ್ರಹ ಮುಂತಾದ ಕೆಲವು ಷರತ್ತುಗಳಿಗೆ ಒಳಪಡುವ ಕಟ್ಟೆಗಳಿಗೂ ಅನ್ವಯಿಸುತ್ತದೆ. ಮಳೆಗಾಲದ ಮುಂಚೆ ಮತ್ತು ಆಮೇಲೆ ತಪಾಸಣೆ ನಡೆಯಬೇಕೆಂಬ ಒಳ್ಳೆಯ ನಿಯಮ ಅವುಗಳಿಗಷ್ಟೇ. ನಾಲ್ಕೈದು ಆಳೆತ್ತರದ ನಮ್ಮ ಏರಿಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ದೊಡ್ಡವುಗಳ ಗತಿಯೂ ನಮಗೆ ಗೊತ್ತು. ಅದೇ ವರ್ಷ ನವೆಂಬರ್ 19ರಂದು ನಮ್ಮ ನೆರೆಯ ಕಡಪ ಸೀಮೆಯಲ್ಲಿ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಏರಿ ಕೊಚ್ಚಿಕೊಂಡು ಹೋಗಿ ಕೆಳಗಿನ ಊರುಗಳು ನಾಶವಾದವು. ಐದು ಗೇಟುಗಳಲ್ಲಿ ಒಂದು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲವೆಂದು ಕೇಂದ್ರ ಜಲಶಕ್ತಿ ಸಚಿವರೇ ರಾಜ್ಯಸಭೆಯಲ್ಲಿ ಹೇಳಿದರು. ತುಕ್ಕು ಹಿಡಿದ ಗೇಟನ್ನು ಕಂಡುಹಿಡಿಯಲು ಮಹಾಶಾಸ್ತ್ರ ಬೇಕಾಗಿಲ್ಲ.

ಅದೇ ಕಡಪ ಸೀಮೆಯ ಪೋರುಮಾಮಿಳ್ಳದ ಕೆರೆಯ ಬಳಿ 1369ರ ಸಂಸ್ಕೃತ ಶಾಸನವೊಂದಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಆ ಕೆರೆಗೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದವೆಂದು ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಮತ್ತೊಂದು. ಗಡಿಯಲ್ಲಿ ಬಾಳುವ ನಮಗೆ ಆ ಸಾಲು ಓದಿದರೆ ಎದೆ ಭಾರವಾಗುತ್ತದೆ. ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಒಂದು ರಾಜ್ಯದಲ್ಲಿ ಸುರಿದ ಮಳೆ ಇನ್ನೊಂದು ರಾಜ್ಯದ ಕೆರೆಯಲ್ಲಿ ನಿಲ್ಲುತ್ತದೆ. ಮೇಲಿನ ಕೆರೆ ಕೋಡಿಬಿದ್ದ ಸುದ್ದಿಯನ್ನು ಕೆಳಗಿನ ಕೆರೆಗೆ ಮುಟ್ಟಿಸಬೇಕಾದವರು ಎರಡು ಸರ್ಕಾರಗಳ ಎರಡು ಇಲಾಖೆಗಳವರು. ಎಚ್ಚರಿಕೆಯ ಪ್ರಕಟಣೆ ತೆಲುಗಿನಲ್ಲಿ ಬರುತ್ತದೆ. ಅದನ್ನು ಓದಲಾರದ ಕನ್ನಡದ ಹಿರಿಯರು ಏರಿಯ ಕೆಳಗೇ ಇದ್ದಾರೆ. ತೆಲುಗಿನ ಮೇಲೆ ನನಗೆ ಕಿಂಚಿತ್ತೂ ಮುನಿಸಿಲ್ಲ. ಪ್ರಾಣದ ವಿಷಯದ ಸೂಚನೆಯನ್ನು ಕೇಳುವವರ ಭಾಷೆಯಲ್ಲಿಯೂ ಕೊಡಿ ಎಂಬುದು ಭಿಕ್ಷೆಯಲ್ಲ, ಹಕ್ಕು. ಎಂಟು ಹತ್ತು ಊರಿಗೊಂದು ಕನ್ನಡ ಶಾಲೆ ಉಳಿಸಿಕೊಳ್ಳಲು ಹೆಣಗುವ ನಮ್ಮ ಜನಕ್ಕೆ ಇದನ್ನು ಕೇಳುವ ದನಿಯೂ ಉಡುಗಿಹೋಗಿದೆ.

ನಿಮ್ಮ ಮಗನಿಗೆ ಹೀಗೆ ಬರೆಯಿರಿ: ಆ ಕಟ್ಟೆಯ ನಿರ್ವಹಣೆಯ ಹೊಣೆ ಯಾರದು, ಅದಕ್ಕೆ ತುರ್ತು ಕಾರ್ಯಯೋಜನೆ ಇದೆಯೇ, ಕಟ್ಟೆ ಒಡೆದರೆ ಮುಳುಗುವ ಪ್ರದೇಶದ ನಕಾಶೆಯಲ್ಲಿ ತನ್ನ ಮನೆ ಎಲ್ಲಿದೆ, ಹಳೆಯ ಲೋಹದ ಕೊಳವೆ ತುಕ್ಕು ಹಿಡಿದಿದೆಯೇ ಎಂದು ವಿಚಾರಿಸಲಿ. ಓಕ್ಲಹೋಮಾದಲ್ಲಿ ಇಂಥ ಕಟ್ಟೆಗಳನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಸ್ಥಳೀಯ ಮಣ್ಣು ಸಂರಕ್ಷಣಾ ಮಂಡಳಿಗಳು. ಅವನ್ನು ಹೋಗಿ ಕೇಳುವುದು ಮನೆ ಮಾರುವುದಕ್ಕಿಂತ ಸುಲಭ.

ನಿಮಗೆ ನನ್ನ ವಿನಂತಿ ಬೇರೆ. ನಿಮ್ಮಿಂದ ಅಕ್ಷರ ಕಲಿತವರು ಈಗ ಊರಿನಲ್ಲಿ ಪಂಚಾಯ್ತಿ ಸದಸ್ಯರೂ ರೈತರೂ ಆಗಿರುತ್ತಾರೆ. ಅವರಲ್ಲಿ ನಾಲ್ವರನ್ನು ಕರೆದುಕೊಂಡು ಮುಂಗಾರಿಗೆ ಮೊದಲು ಏರಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಸೀಮೆಜಾಲಿ ಎಲ್ಲಿ ಬೆಳೆದಿದೆ, ಬುಡದಲ್ಲಿ ಎಲ್ಲಿ ಒಸರಿದೆ, ಕೋಡಿಯನ್ನು ಯಾರಾದರೂ ಕಲ್ಲಿಟ್ಟು ಎತ್ತರಿಸಿದ್ದಾರೆಯೇ, ತೂಬಿನ ಬಾಗಿಲು ಏಳುತ್ತದೆಯೇ ಎಂದು ಬರೆದು, ತೆಲುಗಿನಲ್ಲೊಂದು ಕನ್ನಡದಲ್ಲೊಂದು ಪ್ರತಿ ಮಾಡಿ, ಜಿಲ್ಲಾಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ನೀರಗಂಟಿಗೆ ಸಂಬಳ ಕೊಡಬೇಕೆಂಬ ಬೇಡಿಕೆಯೂ ಅದರಲ್ಲಿರಲಿ. ಕನ್ನಡದ ಪ್ರತಿಯನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚುಮಾಡುತ್ತೇವೆ.