ಅವೇಟ್ ಇಲ್ಲದೆ ಎಕ್ಸೆಪ್ಷನ್ ಬದಲಿಸುವ ಬಗ್ಗೆ

ನೀವಿರುವುದು ಮೈಕ್ರೋಸಾಫ್ಟ್‌ನ ಡಾಟ್ ನೆಟ್ 4.0ರಲ್ಲಿ, ಅವೇಟ್ (ಟಾಸ್ಕ್, ಅಂದರೆ ಆಮೇಲೆ ಮುಗಿಯುವ ಕೆಲಸ, ಮುಗಿದ ಮೇಲೆ ಮುಂದುವರಿಯುವ ಕೀವರ್ಡ್) ಬಳಸುವ ಹಾಗಿಲ್ಲ. ಲೈಬ್ರರಿಯಿಂದ ಬರುವ ಸಾಕೆಟ್‌ಎಕ್ಸೆಪ್ಷನ್ (ನೆಟ್‌ವರ್ಕ್ ದೋಷ) ಅನ್ನು ನಿಮ್ಮದೇ ಎಕ್ಸೆಪ್ಷನ್ ಆಗಿ ಬದಲಿಸಿ ಮೇಲಕ್ಕೆ ಕಳಿಸಬೇಕು, ಆದರೆ ಟ್ರೈ-ಕ್ಯಾಚ್‌ಗೆ ಅದು ಸಿಗುತ್ತಿಲ್ಲ, ಅಲ್ವಾ?

ಸಿಗುವುದೂ ಇಲ್ಲ. ಟಾಸ್ಕ್ ಕೈಗೆ ಬಂದ ಕೂಡಲೇ ನಿಮ್ಮ ಟ್ರೈ ಬ್ಲಾಕ್ ಮುಗಿದಿರುತ್ತದೆ. ಎಡವಟ್ಟಾಗುವುದು ಆಮೇಲೆ.

ನೀವು ಕಂಟಿನ್ಯೂವಿತ್‌ಗೆ (ಟಾಸ್ಕ್ ಮುಗಿದ ಮೇಲೆ ಓಡುವ ಕೋಡ್ ಜೋಡಿಸುವ ಮೆಥಡ್) ಹಾಕಿರುವ ಓನ್ಲಿಆನ್‌ಫಾಲ್ಟೆಡ್, ಅಂದರೆ ಎಕ್ಸೆಪ್ಷನ್ ಬಂದರೆ ಮಾತ್ರ ಓಡು ಎನ್ನುವ ಆಪ್ಷನ್, ತೆಗೆದುಬಿಡಿ. ಮೂಲ ಟಾಸ್ಕ್ ಸರಿಯಾಗಿ ಮುಗಿದರೆ ಆ ಕಂಟಿನ್ಯೂವಿತ್ ಕೊಡುವ ಟಾಸ್ಕ್ ಕ್ಯಾನ್ಸಲ್ ಆಗುತ್ತದೆ. ಪಾಸಾದವನಿಗೆ ಪೆಟ್ಟು ಕೊಟ್ಟ ಹಾಗೆ!

ಒಂದು ಟಾಸ್ಕ್‌ಕಂಪ್ಲೀಷನ್‌ಸೋರ್ಸ್ (ಹೇಗೆ ಮುಗಿಯಬೇಕೆಂದು ನೀವೇ ಹೇಳಬಹುದಾದ ಟಾಸ್ಕ್ ಕೊಡುವ ವಸ್ತು) ಮಾಡಿ, ಅದರ ಟಾಸ್ಕ್ ಅನ್ನೇ ರಿಟರ್ನ್ ಮಾಡಿ. ಯಾವ ಆಪ್ಷನ್ನೂ ಇಲ್ಲದ ಕಂಟಿನ್ಯೂವಿತ್ ಒಳಗೆ ಮೂರು ದಾರಿ: ಈಸ್‌ಫಾಲ್ಟೆಡ್ ಆದರೆ ಸೆಟ್‌ಎಕ್ಸೆಪ್ಷನ್, ಈಸ್‌ಕ್ಯಾನ್ಸಲ್ಡ್ ಆದರೆ ಸೆಟ್‌ಕ್ಯಾನ್ಸಲ್ಡ್, ಇಲ್ಲವಾದರೆ ಸೆಟ್‌ರಿಸಲ್ಟ್. ಮಧ್ಯದ್ದನ್ನು ಜಾಸ್ತಿ ಜನ ಮರೆಯುತ್ತಾರೆ. ಆಗ ಕ್ಯಾನ್ಸಲ್ ಆದ ಟಾಸ್ಕ್‌ನ ರಿಸಲ್ಟ್ ಓದಲು ಹೋಗಿ ಅಲ್ಲೇ ಇನ್ನೊಂದು ಎಕ್ಸೆಪ್ಷನ್ ಏಳುತ್ತದೆ.

ಟಾಸ್ಕ್‌ನಲ್ಲಿ ಸಿಗುವುದು ಅಗ್ರಿಗೇಟ್‌ಎಕ್ಸೆಪ್ಷನ್, ಅಂದರೆ ಬೇರೆ ಎಕ್ಸೆಪ್ಷನ್‌ಗಳನ್ನು ಒಳಗಿಟ್ಟುಕೊಂಡ ಹೊದಿಕೆ. ಅದಕ್ಕೆ ಫ್ಲಾಟನ್ ಮಾಡಿ (ಒಳಗೊಳಗಿನ ಹೊದಿಕೆಗಳನ್ನು ಬಿಚ್ಚಿ), ಒಳಗಿರುವುದು ಯಾವ ಬಗೆಯದು ಎಂದು ನೋಡಿ. ನಿಮ್ಮದಕ್ಕೆ ಅದನ್ನು ಇನ್ನರ್‌ಎಕ್ಸೆಪ್ಷನ್ ಆಗಿ ಕೊಡಿ, ಹಳೆಯ ಸ್ಟ್ಯಾಕ್ ಟ್ರೇಸ್ (ಎಕ್ಸೆಪ್ಷನ್ ಎಲ್ಲಿಂದ ಬಂತೆಂಬ ಜಾಡು) ಉಳಿಯುತ್ತದೆ. ಗುರುತು ಸಿಗದ್ದನ್ನು ಸುಮ್ನೆ ಹಾಗೇ ದಾಟಿಸಿ.

ಬದಲಿಸುವ ಕೋಡ್ ತಾನೇ ಎಕ್ಸೆಪ್ಷನ್ ಎಸೆದರೆ ಸೋರ್ಸ್ ಮುಗಿಯುವುದೇ ಇಲ್ಲ, ಕರೆದವರು ಕಾಯುತ್ತಲೇ ಇರುತ್ತಾರೆ. ಹಾಗಾಗಿ ಅದರ ಸುತ್ತ ಟ್ರೈ-ಕ್ಯಾಚ್ ಹಾಕಿ, ಅಲ್ಲಿಂದಲೂ ಸೆಟ್‌ಎಕ್ಸೆಪ್ಷನ್ ಕರೆಯಿರಿ.

ಇಷ್ಟಾದರೂ ಮೇಲಿನವರು ವೇಟ್ ಅಥವಾ ರಿಸಲ್ಟ್ ಬಳಸಿದರೆ ನಿಮ್ಮ ಎಕ್ಸೆಪ್ಷನ್ ಮತ್ತೆ ಅಗ್ರಿಗೇಟ್ ಒಳಗೇ ಸಿಗುತ್ತದೆ. ಅದನ್ನು ಅವರಿಗೆ ಮೊದಲೇ ಹೇಳಿಬಿಡಿ. 4.0ರಲ್ಲಿ ಯಾರೂ ನೋಡದೆ ಬಿಟ್ಟ ಎಕ್ಸೆಪ್ಷನ್ ಇಡೀ ಪ್ರೊಸೆಸ್ಸನ್ನೇ ಬೀಳಿಸಬಹುದು. 4.5ರಲ್ಲಿ ಈ ಕಾಟ ತಪ್ಪಿತು.