ಮೊದಲು ಅನಾಲಿಸಿಸ್ಸೋ, ಆಲ್ಜೀಬ್ರಾನೋ?

ನಿಮ್ಮ ಪ್ರಶ್ನೆ ಇಷ್ಟು: ಪಿಯುಸಿ ಮುಗಿಸಿ ಅಮೆರಿಕಕ್ಕೆ ಬಂದು ಎರಡು ವರ್ಷವಾಯಿತು, ಕ್ಯಾಲ್ಕುಲಸ್, ಡಿಫರೆನ್ಶಿಯಲ್ ಈಕ್ವೇಶನ್ಸ್ ಎಲ್ಲದರಲ್ಲೂ ಎ ಬಂದಿದೆ. ಮುಂದಿನ ಫಾಲ್‌ಗೆ (ಆಗಸ್ಟ್ ಆಸುಪಾಸು ಶುರುವಾಗುವ ಸೆಮಿಸ್ಟರಿಗೆ) ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಬುನಾದಿಯನ್ನು ತರ್ಕಬದ್ಧವಾಗಿ ಕಟ್ಟುವುದು), ಅಬ್‌ಸ್ಟ್ರಾಕ್ಟ್ ಆಲ್ಜೀಬ್ರಾ (ಗ್ರೂಪ್‌ನಂಥ ರಚನೆಗಳ ಅಧ್ಯಯನ), ಪ್ರಾಬಬಿಲಿಟಿ, ನ್ಯೂಮರಿಕಲ್ ಅನಾಲಿಸಿಸ್ (ಅಂದಾಜು ಉತ್ತರ ಲೆಕ್ಕಹಾಕುವ ವಿಧಾನಗಳು) ನಾಲ್ಕನ್ನೂ ಒಟ್ಟಿಗೆ ಹಾಕಿಕೊಳ್ಳಬಹುದೇ? ಬೇಡ. ಮೊದಲ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಆ ಎಗಳು ಇಲ್ಲಿ ಹೆಚ್ಚೇನೂ ಹೇಳುವುದಿಲ್ಲ. ಪಿಯುಸಿಯಲ್ಲೂ ಇಲ್ಲಿಯ ಕ್ಯಾಲ್ಕುಲಸ್‌ನಲ್ಲೂ ಬೇಕಾಗುವುದು ಲೆಕ್ಕದ ಮಾದರಿಯನ್ನು ಗುರುತಿಸಿ, ಹಂತ ತಪ್ಪದೆ ಉತ್ತರಕ್ಕೆ ಬರುವ ಚುರುಕು. ಮೇಲಿನ ಕೋರ್ಸುಗಳಲ್ಲಿ ಉತ್ತರವನ್ನು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ, ಅದು ಯಾಕೆ ನಿಜ ಎಂದು ನೀವು ತರ್ಕದಿಂದ ಸಾಧಿಸಬೇಕು, ಪ್ರೂಫ್ ಎಂದರೆ ಅದೇ. ಪ್ರಶ್ನೆಪತ್ರಿಕೆ ಬಿಡಿಸಿ ಬಿಡಿಸಿ ಪಳಗಿದವರು ಮೊದಲ ಮಿಡ್‌ಟರ್ಮ್‌ನಲ್ಲೇ ತಡವರಿಸುತ್ತಾರೆ, ಏಕೆಂದರೆ ಅಲ್ಲಿ ಪುನರಾವರ್ತನೆಯಾಗುವ ಮಾದರಿಯೇ ಇರುವುದಿಲ್ಲ.

ರಿಜಿಸ್ಟರ್ ಮಾಡುವ ಮುಂಚೆ ಒಂದು ಖಾಲಿ ಹಾಳೆ ತೆಗೆದುಕೊಂಡು ಇದನ್ನು ಮಾಡಿ ನೋಡಿ. ಸೊನ್ನೆಯಿಂದ ಅನಂತದವರೆಗೆ ವರ್ಗಮೂಲದ ಫಂಕ್ಷನ್ ಯೂನಿಫಾರ್ಮ್ ಆಗಿ ಕಂಟಿನ್ಯುಯಸ್, ವರ್ಗದ ಫಂಕ್ಷನ್ ಹಾಗಲ್ಲ ಎಂದು ಸಾಧಿಸಿ. ಅಂದರೆ ಉತ್ತರಗಳ ಅಂತರ ಎಪ್ಸಿಲಾನ್‌ಗಿಂತ ಕಡಿಮೆ ಇರಲು ಬಿಂದುಗಳ ಅಂತರ ಎಷ್ಟರೊಳಗಿರಬೇಕೋ ಆ ಮಿತಿ ಡೆಲ್ಟಾ, ಅದು ಎಲ್ಲ ಬಿಂದುಗಳಿಗೂ ಒಂದೇ ಆಗಿರಬೇಕು. ಮೊದಲನೆಯದಕ್ಕೆ, ಎರಡು ಸಂಖ್ಯೆಗಳ ವರ್ಗಮೂಲಗಳ ವ್ಯತ್ಯಾಸ ಆ ಸಂಖ್ಯೆಗಳ ವ್ಯತ್ಯಾಸದ ವರ್ಗಮೂಲವನ್ನು ಮೀರುವುದಿಲ್ಲ. ಹಾಗಾಗಿ ಡೆಲ್ಟಾ ಅಂದರೆ ಎಪ್ಸಿಲಾನ್‌ನ ವರ್ಗ ಎಂದಿಟ್ಟರೆ ಸಾಕು. ಎರಡನೆಯದಕ್ಕೆ, ಯಾವ ಡೆಲ್ಟಾ ಕೊಟ್ಟರೂ 1/ಡೆಲ್ಟಾ ಎಂಬ ಬಿಂದುವನ್ನೂ ಅದಕ್ಕಿಂತ ಅರ್ಧ ಡೆಲ್ಟಾ ಮುಂದಿನ ಬಿಂದುವನ್ನೂ ತೆಗೆದುಕೊಳ್ಳಿ. ವರ್ಗಗಳ ವ್ಯತ್ಯಾಸ 1 ದಾಟುತ್ತದೆ. ಉಪಾಯ ಹೊಳೆಯದಿದ್ದರೆ ಚಿಂತೆಯಿಲ್ಲ. ಆದರೆ ‘ಪ್ರತಿ ಬಿಂದುವಿಗೂ ಒಂದು ಡೆಲ್ಟಾ ಇದೆ’ ಮತ್ತು ‘ಎಲ್ಲ ಬಿಂದುಗಳಿಗೂ ಸಲ್ಲುವ ಒಂದೇ ಡೆಲ್ಟಾ ಇದೆ’ ಎರಡೂ ಒಂದೇ ಅನ್ನಿಸಿದರೆ ಅನಾಲಿಸಿಸ್‌ಗೆ ಈಗಲೇ ಹೋಗಬೇಡಿ. ಮೊದಲು ಪ್ರೂಫ್ ಬರೆಯುವುದನ್ನು ಕಲಿಸುವ ಸೇತುವೆ ಕೋರ್ಸ್ ಮಾಡಿ. ಬರ್ಕ್ಲಿಯಲ್ಲಿ ಮ್ಯಾಥ್ 74 ಇರುವುದು ಇದಕ್ಕೇ. ಬೇರೆ ಕಡೆ ‘ಇಂಟ್ರೊಡಕ್ಷನ್ ಟು ಪ್ರೂಫ್ಸ್’ ಎಂಬಂಥ ಹೆಸರಿರುತ್ತದೆ.

ಲೀನಿಯರ್ ಆಲ್ಜೀಬ್ರಾ ಬಗ್ಗೆ ನೀವು ಏನೂ ಬರೆದಿಲ್ಲ. ರೋ ರಿಡಕ್ಷನ್, ಐಗನ್‌ವ್ಯಾಲ್ಯೂ ಲೆಕ್ಕಗಳಷ್ಟೇ ಆಗಿದ್ದರೆ ಪ್ರೂಫ್ ಸಹಿತದ ಎರಡನೇ ಕೋರ್ಸ್ (ಬರ್ಕ್ಲಿಯಲ್ಲಿ 110, ಎಂಐಟಿಯಲ್ಲಿ 18.700) ಎಲ್ಲಕ್ಕಿಂತ ಒಳ್ಳೆಯ ಆರಂಭ. ವಸ್ತು ಪರಿಚಿತ, ಹೊಸದು ಪ್ರೂಫ್ ಮಾತ್ರ. ಅದು ಮುಗಿದಿದ್ದರೆ ಆಲ್ಜೀಬ್ರಾದಲ್ಲಿ ಕೋಶೆಂಟ್ ಗ್ರೂಪ್ (ಒಂದು ಗ್ರೂಪನ್ನು ಕೋಸೆಟ್ ಎಂಬ ಸಮಾನ ಗುಂಪುಗಳಾಗಿ ಹಂಚಿ, ಆ ಗುಂಪುಗಳನ್ನೇ ಗುಣಿಸುವುದು) ಬಂದಾಗ ಉಸಿರು ಕಟ್ಟುವುದಿಲ್ಲ. ಬಹುಪಾಲು ವಿದ್ಯಾರ್ಥಿಗಳು ಎಡವುವುದು ಅಲ್ಲೇ. ಕೋಸೆಟ್‌ಗಳನ್ನು ಗುಣಿಸಿದರೆ ಬರುವ ಉತ್ತರ ನಾವು ಆರಿಸಿದ ಪ್ರತಿನಿಧಿಯನ್ನು ಅವಲಂಬಿಸಬಾರದು. ಮೂರು ವಸ್ತುಗಳ ಸಿಮೆಟ್ರಿಕ್ ಗ್ರೂಪ್‌ನಲ್ಲಿ ಎರಡನ್ನು ಮಾತ್ರ ಅದಲುಬದಲು ಮಾಡುವ ಉಪಗ್ರೂಪ್ ತೆಗೆದುಕೊಂಡರೆ ಅವಲಂಬಿಸುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಹೀಗೆ ಅವಲಂಬಿಸದ ಉಪಗ್ರೂಪ್, ಅಂದರೆ ನಾರ್ಮಲ್ ಸಬ್‌ಗ್ರೂಪ್, ಯಾಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅನಾಲಿಸಿಸ್, ಆಲ್ಜೀಬ್ರಾ ಎರಡಕ್ಕೂ ಸಿದ್ಧರಿದ್ದೀರಿ ಅನ್ನಿಸಿದರೆ ಯಾವುದು ಮೊದಲು ಎಂಬುದನ್ನು ಡಿಪಾರ್ಟ್‌ಮೆಂಟಿನ ವೇಳಾಪಟ್ಟಿ ನೋಡಿ ನಿರ್ಧರಿಸಿ. ಚಿಕ್ಕ ಡಿಪಾರ್ಟ್‌ಮೆಂಟುಗಳಲ್ಲಿ ಮೊದಲ ಭಾಗ ಫಾಲ್‌ನಲ್ಲಿ, ಎರಡನೇ ಭಾಗ ಸ್ಪ್ರಿಂಗ್‌ನಲ್ಲಿ ಮಾತ್ರ ಇರುತ್ತದೆ. ಒಂದು ಫಾಲ್ ತಪ್ಪಿದರೆ ಇಡೀ ವರ್ಷ ಕಾಯಬೇಕು. ಪಿಎಚ್‌ಡಿ ಆಸೆ ಇದ್ದರೆ ಅನಾಲಿಸಿಸ್ ಮೊದಲಿರಲಿ, ಆಲ್ಜೀಬ್ರಾ ತೀರಾ ಹಿಂದೆ ಬೀಳದಿರಲಿ. ಅರ್ಜಿಗಳ ಕೊನೆಯ ದಿನ ಸಾಮಾನ್ಯವಾಗಿ ಕೊನೆಯ ವರ್ಷದ ಡಿಸೆಂಬರ್ ಆಸುಪಾಸು, ಮೂರು ಶಿಫಾರಸು ಪತ್ರ ಕೇಳುತ್ತಾರೆ. ಅಷ್ಟರೊಳಗೆ ನಿಮ್ಮ ಪ್ರೂಫ್‌ಗಳನ್ನು ಓದಿದ ಪ್ರೊಫೆಸರ್‌ಗಳು ಇರಬೇಕು. ಇನ್ನೂರು ಜನರ ಕ್ಯಾಲ್ಕುಲಸ್ ತರಗತಿಯ ಪ್ರೊಫೆಸರ್ ಏನು ತಾನೇ ಬರೆದಾರು?

ಕೋರ್ಸಿನ ಹೆಸರು ನಂಬಬೇಡಿ. ಎಂಐಟಿಯ 18.100ಎ, 18.100ಬಿ ಎರಡೂ ರಿಯಲ್ ಅನಾಲಿಸಿಸ್ಸೇ. ಬಿ ಹೆಚ್ಚು ಅಮೂರ್ತ, ಮೆಟ್ರಿಕ್ ಸ್ಪೇಸ್‌ಗಳ (ಬಿಂದುಗಳ ನಡುವೆ ದೂರ ಅಳೆಯಬಹುದಾದ ಯಾವುದೇ ಗಣಗಳ) ಭಾಷೆಯಲ್ಲಿ ನಡೆಯುತ್ತದೆ. ನಿಮ್ಮಲ್ಲೂ ಆನರ್ಸ್ ಎಂಬ ಕಠಿಣ ಆವೃತ್ತಿ ಇರಬಹುದು. ಹಿಂದಿನ ಸೆಮಿಸ್ಟರಿನ ಸಿಲಬಸ್ ತರಿಸಿಕೊಂಡು, ಮೂರನೇ ವಾರಕ್ಕೆ ಮೆಟ್ರಿಕ್ ಸ್ಪೇಸ್, ಕಾಂಪ್ಯಾಕ್ಟ್‌ನೆಸ್ ಬಂದುಬಿಟ್ಟಿದೆಯೇ ನೋಡಿ. ಬಂದಿದ್ದರೆ ಅದು ವೇಗದ ಕೋರ್ಸ್.

ಪ್ರಾಬಬಿಲಿಟಿ, ನ್ಯೂಮರಿಕಲ್ ಎರಡನ್ನೂ ಪ್ರೂಫ್ ಕೋರ್ಸಿನ ಜೊತೆ ನಿಭಾಯಿಸಬಹುದು. ಡೇಟಾ ಕಡೆಯ ಕೆಲಸಕ್ಕೆ ಇವೆರಡೂ, ಲೀನಿಯರ್ ಆಲ್ಜೀಬ್ರಾದ ಎರಡನೇ ಕೋರ್ಸೂ ಗ್ರೂಪ್ ಥಿಯರಿಗಿಂತ ಬೇಗ ಉಪಯೋಗಕ್ಕೆ ಬರುತ್ತವೆ. ಆಕ್ಚುವರಿ (ವಿಮೆ, ಪಿಂಚಣಿಗಳ ಅಪಾಯದ ಲೆಕ್ಕ ಹಾಕುವವರು) ಆಗುವುದಿದ್ದರೆ ಪ್ರಾಬಬಿಲಿಟಿ ಮುಗಿದ ಕೂಡಲೇ, ಬಿಸಿ ಆರುವ ಮುಂಚೆ, ಸೊಸೈಟಿ ಆಫ್ ಆಕ್ಚುವರೀಸ್‌ನ ಎಕ್ಸಾಮ್ ಪಿ (ಪ್ರಾಬಬಿಲಿಟಿ ಪರೀಕ್ಷೆ) ಬರೆಯಿರಿ.

ಹೊರೆಯ ಲೆಕ್ಕಕ್ಕೆ, ಮೂರು ಕ್ರೆಡಿಟ್‌ನ ಪ್ರೂಫ್ ಕೋರ್ಸಿಗೆ ತರಗತಿಯ ಹೊರಗೆ ವಾರಕ್ಕೆ ಹತ್ತು ಗಂಟೆ ಎತ್ತಿಡಿ. ಹೋಮ್‌ವರ್ಕನ್ನು ಕೊಟ್ಟ ದಿನವೇ ಒಮ್ಮೆ ಓದಿ. ಹಿಂದಿನ ರಾತ್ರಿ ಕೂತರೆ ಪ್ರೂಫ್ ಹೊಳೆಯುವುದಿಲ್ಲ. ಸ್ನೇಹಿತರೊಂದಿಗೆ ಚರ್ಚಿಸಲು ಬಹುತೇಕ ಕಡೆ ಅಡ್ಡಿಯಿಲ್ಲ, ಬರೆಯುವುದು ಮಾತ್ರ ಒಬ್ಬರೇ. ನೆಟ್‌ನಿಂದ ಪರಿಹಾರ ಇಳಿಸಿಕೊಂಡರೆ ಅಕಾಡೆಮಿಕ್ ಇಂಟೆಗ್ರಿಟಿ ಕೇಸ್ ಆಗುತ್ತದೆ. ನಮ್ಮೂರ ಕಾಲೇಜಿನ ರೆಕಾರ್ಡ್ ಬುಕ್ಕಿನ ಹಾಗೆ ನೋಡಿಯೂ ನೋಡದಂತೆ ಬಿಡುವುದಿಲ್ಲ.

ಈಗ ವೀಸಾ. ಎಫ್-1 (ವಿದ್ಯಾರ್ಥಿ ವೀಸಾ) ಅಂಡರ್‌ಗ್ರ್ಯಾಡ್‌ಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಬೇಕು. ಆಡಿಟ್ ಮಾಡಿದ್ದು (ಕ್ರೆಡಿಟ್ ಇಲ್ಲದೆ ಕೂತು ಕೇಳಿದ್ದು) ಲೆಕ್ಕಕ್ಕಿಲ್ಲ. ಆನ್‌ಲೈನ್ ಆದರೆ ಒಂದು ಕೋರ್ಸ್, ಮೂರು ಕ್ರೆಡಿಟ್‌ವರೆಗೆ ಮಾತ್ರ ಸೇರುತ್ತದೆ. ಸರಿಯಾಗಿ 12ಕ್ಕೆ ರಿಜಿಸ್ಟರ್ ಆಗಿದ್ದರೆ ಅನಾಲಿಸಿಸ್ ಕೈಕೊಟ್ಟಾಗ ಬಿಡಲು ದಾರಿ ಇರುವುದಿಲ್ಲ. ಹಾಗಾಗಿ 15ಕ್ಕೆ ಸೇರಿ. 12ಕ್ಕಿಂತ ಇಳಿಯಲೇಬೇಕಾದರೆ ಡ್ರಾಪ್ ಬಟನ್ ಒತ್ತುವ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವೀಸಾ ವಿಷಯ ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ) ಅನುಮತಿ ಪಡೆಯಿರಿ. ತಪ್ಪು ಮಟ್ಟದ ಕೋರ್ಸಿಗೆ ಸೇರಿಸಲ್ಪಟ್ಟದ್ದು ನಿಯಮದಲ್ಲೇ ಇರುವ ಕಾರಣ, ಆದರೆ ಆಗಲೂ ಕನಿಷ್ಠ 6 ಕ್ರೆಡಿಟ್ ಉಳಿಯಬೇಕು, ಮತ್ತು ಓದಿನ ತೊಂದರೆಯ ಹೆಸರಿನಲ್ಲಿ ಈ ರಿಯಾಯಿತಿ ಒಂದು ಡಿಗ್ರಿಗೆ ಒಮ್ಮೆ ಮಾತ್ರ. ಮೊದಲು ಬಿಟ್ಟು ಆಮೇಲೆ ಕೇಳಿದರೆ ಸ್ಟೇಟಸ್ಸಿಗೇ ಕುತ್ತು.

ಡ್ರಾಪ್ ಕೊನೆಯ ದಿನ ದಾಟಿದರೆ ವಿತ್‌ಡ್ರಾ ಮಾಡಬಹುದು, ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯು ಬೀಳುತ್ತದೆ, ಜಿಪಿಎ ಕೆಡುವುದಿಲ್ಲ. ಒಂದು ಡಬ್ಲ್ಯು ಸಿ ಮೈನಸ್‌ಗಿಂತ ಮೇಲು. ಪಾಸ್/ಫೇಲ್‌ಗೆ ಬದಲಾಯಿಸುವ ಯೋಚನೆ ಬಂದರೆ ಮೇಜರ್‌ಗೆ ಅದು ನಡೆಯುತ್ತದೆಯೇ ಎಂದು ಅಡ್ವೈಸರ್‌ರನ್ನು ಕೇಳಿ. ಹೆಚ್ಚಿನ ಕಡೆ ನಡೆಯುವುದಿಲ್ಲ.

ನಿಮ್ಮ ಜಾಗದಲ್ಲಿ ಫಾಲ್‌ಗೆ ನಾನು ಹಾಕುವುದು: ಲೀನಿಯರ್ ಎರಡನೆಯದು ಆಗಿಲ್ಲದಿದ್ದರೆ ಅದು, ಆಗಿದ್ದರೆ ಅನಾಲಿಸಿಸ್, ಜೊತೆಗೆ ಪ್ರಾಬಬಿಲಿಟಿ, ಮಿಕ್ಕಿದ್ದು ಜನರಲ್ ಎಜುಕೇಶನ್ (ಮೇಜರ್‌ನ ಹೊರಗಿನ ಕಡ್ಡಾಯ ಕೋರ್ಸುಗಳು). ಆಲ್ಜೀಬ್ರಾ ನಿಮ್ಮಲ್ಲಿ ಸ್ಪ್ರಿಂಗ್‌ನಲ್ಲೂ ಶುರುವಾಗುತ್ತದೆಯೇ ಎಂದು ಈ ವಾರವೇ ಡಿಪಾರ್ಟ್‌ಮೆಂಟಿಗೆ ಮೇಲ್ ಮಾಡಿ. ಇಲ್ಲ ಎಂದರೆ ತಿಳಿಸಿ, ಕ್ರಮ ಬದಲಾಗುತ್ತದೆ.