ಮರುಭೂಮಿಯ ತಂತಿ ಕಂಬಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆಸ್ಟ್ರೇಲಿಯಾದ ನಟ್ಟನಡುವಿನ ಬರಡು ನೆಲದಲ್ಲಿ 1870ರ ದಶಕದಲ್ಲೇ ಟೆಲಿಗ್ರಾಫ್ ತಂತಿ ಎಳೆದರಂತೆ. ಮರವೇ ಅಪರೂಪವಾದ ಕಡೆ ಕಂಬಗಳನ್ನು ಎಲ್ಲಿಂದ ತಂದರು? (ಓದುಗರು, ಚಿತ್ರದುರ್ಗ)

ಉತ್ತರ: ಈ ಮಾರ್ಗದ ನಿಜವಾದ ಕಷ್ಟ ತಂತಿ ಎಳೆಯುವುದಲ್ಲ, ಕಂಬ ಮತ್ತು ನೀರು. ದಕ್ಷಿಣದ ಪೋರ್ಟ್ ಆಗಸ್ಟಾದಿಂದ ಉತ್ತರದ ಡಾರ್ವಿನ್‌ವರೆಗೆ ಸುಮಾರು 3,200 ಕಿ.ಮೀ. ದೂರಕ್ಕೆ ಸುಮಾರು 36,000 ಕಂಬ ಬೇಕಾದವು. ದಾರಿಯಲ್ಲಿ ಸಿಕ್ಕ ಮರವನ್ನೇ ಕಡಿದು ನೆಟ್ಟರು. ಮರವಿಲ್ಲದ ಕಡೆಗೆ ದೂರದಿಂದ ಎತ್ತಿನ ಗಾಡಿಯಲ್ಲಿ ಸಾಗಿಸಿದರು. ಗಾಡಿ ಎಳೆಯುವ ಎತ್ತು, ಕುದುರೆಗಳಿಗೂ ನೀರು ಬೇಕು. ಹಾಗಾಗಿಯೇ 1862ರಲ್ಲಿ ಜಾನ್ ಮ್ಯಾಕ್‌ಡೌಲ್ ಸ್ಟುವರ್ಟ್ ನೀರಿನ ಹೊಂಡಗಳನ್ನು ಹುಡುಕುತ್ತಾ ಖಂಡ ದಾಟಿದ ಜಾಡನ್ನೇ ಬಹುಮಟ್ಟಿಗೆ ಹಿಡಿದರು. ಮೊದಲು ಜಾನ್ ರಾಸ್‌ನ ತಂಡ ದಾರಿ ನೋಡಿಕೊಂಡು ಮುಂದೆ ಹೋಗುತ್ತಿತ್ತು. ಅದರ ಹಿಂದೆ ಅಳತೆಯವರು, ಮರ ಕಡಿಯುವವರು, ಗುಂಡಿ ತೋಡುವವರು, ಕೊನೆಗೆ ತಂತಿ ಎಳೆಯುವವರು. ಒಣ ಸೀಮೆಯಲ್ಲಿ ಸಾಮಾನು ಹೊತ್ತ ಒಂಟೆಗಳ ಮೂಲ ನಮಗೆ ಹತ್ತಿರದ್ದು: 1866ರಲ್ಲಿ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳು, ಅವುಗಳನ್ನು ನಡೆಸುವವರ ಸಮೇತ ಹಡಗಿನಲ್ಲಿ ಪೋರ್ಟ್ ಆಗಸ್ಟಾಕ್ಕೆ ಹೋಗಿದ್ದವು.

ಸೋತಿದ್ದು ಒಣ ನೆಲದಲ್ಲಲ್ಲ, ಮಳೆಯ ಸೀಮೆಯಲ್ಲಿ. ಡಾರ್ವಿನ್‌ನಲ್ಲಿ ಮೊದಲ ಕಂಬ ನೆಟ್ಟಿದ್ದು 1870ರ ಸೆಪ್ಟೆಂಬರ್ 15ರಂದು. ಕೆಲವೇ ವಾರಗಳಲ್ಲಿ ಮಳೆ ಹಿಡಿಯಿತು. ಗಾಡಿಗಳು ಅಚ್ಚಿನವರೆಗೆ ಹೂತವು, ದವಸ ಕೊಳೆಯಿತು, ಆಳುಗಳು ಕೆಲಸ ನಿಲ್ಲಿಸಿದರು. 1871ರಲ್ಲಿ ಉತ್ತರ ಭಾಗದ ಕೆಲಸಕ್ಕೆ ಕೊಟ್ಟಿದ್ದ ಗುತ್ತಿಗೆಯನ್ನೇ ರದ್ದು ಮಾಡಬೇಕಾಯಿತು. ದಕ್ಷಿಣ ಆಸ್ಟ್ರೇಲಿಯಾದ ತಂತಿ ಇಲಾಖೆಯ ಮುಖ್ಯಸ್ಥ ಚಾರ್ಲ್ಸ್ ಟಾಡ್ ಸ್ವತಃ ಉತ್ತರಕ್ಕೆ ಹೊರಟು, ರೋಪರ್ ನದಿಯೊಳಗೆ ಹಡಗು ತಂದು ಸಾಮಾನು ಇಳಿಸಿದ ಮೇಲೆಯೇ ಕೆಲಸ ಮತ್ತೆ ಚುರುಕಾಯಿತು. 1872ರ ಆಗಸ್ಟ್ 22ರಂದು ಫ್ರೂಸ್ ಪಾಂಡ್ಸ್‌ನಲ್ಲಿ ಎರಡೂ ತುದಿ ಸೇರಿದವು. ಅದಕ್ಕೆ ಮುಂಚಿನ ವಾರಗಳಲ್ಲಿ ತಂತಿ ಇಲ್ಲದ ನಡುವಿನ ದೂರಕ್ಕೆ ಕುದುರೆ ಸವಾರರು ಸಂದೇಶ ಒಯ್ಯುತ್ತಿದ್ದರು.

ಪ್ರಶ್ನೆ: ಮರದ ಕಂಬ ಗೆದ್ದಲಿಗೆ ತುತ್ತಾಗಲಿಲ್ಲವೇ? (ಓದುಗರು, ಸಾಗರ)

ಉತ್ತರ: ಆಯಿತು, ಅದರಲ್ಲೂ ಉತ್ತರದಲ್ಲಿ. ಮಲೆನಾಡಿನ ಬೇಲಿಗೂಟ ನೋಡಿದವರಿಗೆ ಇದು ಗೊತ್ತಿರುವ ಸಂಗತಿ: ಮೇಲಿಂದ ಗಟ್ಟಿಯಾಗಿ ಕಾಣುತ್ತದೆ, ಬುಡದಲ್ಲಿ ಒಳಗೆಲ್ಲ ಟೊಳ್ಳು. ಆಮೇಲೆ ಕಬ್ಬಿಣದ ಕಂಬಗಳನ್ನು ತರಿಸಿ, ಹಂತಹಂತವಾಗಿ ಮರದವನ್ನು ಬದಲಿಸಿದರು.

ಪ್ರಶ್ನೆ: ಒಂದೇ ತಂತಿ ಇದ್ದಮೇಲೆ ನಡುವೆ ಅಷ್ಟೊಂದು ಕಚೇರಿಗಳು ಯಾಕೆ? ದೊಡ್ಡ ಬ್ಯಾಟರಿ ಇಟ್ಟು ಒಂದೇ ಏಟಿಗೆ ಕಳಿಸಬಹುದಿತ್ತಲ್ಲ? (ವಿದ್ಯಾರ್ಥಿ, ಧಾರವಾಡ)

ಉತ್ತರ: ಒಳ್ಳೆಯ ಪ್ರಶ್ನೆ. ಇದ್ದದ್ದು ಒಂದೇ ಕಬ್ಬಿಣದ ತಂತಿ. ವಿದ್ಯುತ್ತು ಹಿಂದಿರುಗುವ ದಾರಿ ನೆಲವೇ, ಎರಡೂ ತುದಿಯಲ್ಲಿ ಅರ್ಥಿಂಗ್. ಪ್ರತಿ ಕಂಬದ ಪಿಂಗಾಣಿ ಇನ್ಸುಲೇಟರ್ (ಕರೆಂಟು ಕಂಬಕ್ಕೆ ಇಳಿಯದಂತೆ ತಡೆಯುವ ಆಸರೆ) ಮೇಲೆ ಧೂಳು, ಇಬ್ಬನಿ, ಮಳೆನೀರು ಕೂತಾಗ ಅಷ್ಟಿಷ್ಟು ಕರೆಂಟು ನೆಲಕ್ಕೆ ಸೋರುತ್ತದೆ. ಒಂದು ಕಂಬದ ಸೋರಿಕೆ ಲೆಕ್ಕಕ್ಕಿಲ್ಲ. ಆದರೆ ಮೈಲಿಗೆ 20ರಂತೆ ಸಾವಿರಾರು ಕಂಬಗಳ ಸೋರಿಕೆ ಸೇರಿದರೆ ಆ ತುದಿಗೆ ಉಳಿಯುವುದು ಏನೂ ಇಲ್ಲ. ತೂತುಬಿದ್ದ ಪೈಪಿನಲ್ಲಿ ನೀರಿನ ಒತ್ತಡ ಹೆಚ್ಚಿಸಿದಂತೆ, ಬ್ಯಾಟರಿ ದೊಡ್ಡದು ಮಾಡಿದರೆ ಸೋರಿಕೆಯೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಸುಮಾರು 250ರಿಂದ 300 ಕಿ.ಮೀ.ಗೊಂದು ಸ್ಟೇಷನ್ ಕಟ್ಟಿದರು: ಶಾರ್ಲಟ್ ವಾಟರ್ಸ್, ಆಲಿಸ್ ಸ್ಪ್ರಿಂಗ್ಸ್, ಬ್ಯಾರೋ ಕ್ರೀಕ್, ಟೆನೆಂಟ್ ಕ್ರೀಕ್ ಹೀಗೆ. ಅಲ್ಲಿನ ಆಪರೇಟರ್ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಬಂದ ಸಂದೇಶ ಬರೆದುಕೊಂಡು, ತನ್ನ ಬ್ಯಾಟರಿಯಿಂದ ಮುಂದಿನ ಸ್ಟೇಷನ್ನಿಗೆ ಮತ್ತೆ ಕುಟ್ಟುತ್ತಿದ್ದ. ಒಬ್ಬ ತಪ್ಪು ಕೇಳಿದರೆ ಆ ತಪ್ಪು ಕೊನೆತನಕ ಹೋಗುತ್ತಿತ್ತು.

ಈ ಊರುಗಳ ಹೆಸರಲ್ಲೇ ನೀರಿದೆ, ಗಮನಿಸಿ: ವಾಟರ್ಸ್ ಅಂದರೆ ನೀರು, ಸ್ಪ್ರಿಂಗ್ಸ್ ಅಂದರೆ ಚಿಲುಮೆ, ಕ್ರೀಕ್ ಅಂದರೆ ಹಳ್ಳ. ಆ ನೀರು ಅಲ್ಲಿನ ಮೂಲನಿವಾಸಿಗಳದ್ದಾಗಿತ್ತು. ಅವರು ಪಿಂಗಾಣಿ ಒಡೆದು ಈಟಿಯ ಮೊನೆ ಮಾಡಿಕೊಂಡದ್ದನ್ನು ಬರೀ ಕಿಡಿಗೇಡಿತನವೆಂದು ಬರೆದದ್ದು ಅನ್ಯಾಯ. 1874ರಲ್ಲಿ ಬ್ಯಾರೋ ಕ್ರೀಕ್ ಸ್ಟೇಷನ್ ಮೇಲಿನ ದಾಳಿಯಲ್ಲಿ ಇಬ್ಬರು ನೌಕರರು ಸತ್ತರು. ಸೇಡಿಗೆ ಹೊರಟ ತಂಡಗಳು ಕೊಂದದ್ದು ಅದಕ್ಕಿಂತ ಬಹಳ ಹೆಚ್ಚು ಜನರನ್ನು.

ಪ್ರಶ್ನೆ: ಆ ಮಾರ್ಗಕ್ಕೂ ಭಾರತಕ್ಕೂ ಸಂಬಂಧವಿತ್ತೇ? (ಓದುಗರು, ಮೈಸೂರು)

ಉತ್ತರ: ಇತ್ತು. ಲಂಡನ್ನಿನ ಸಂದೇಶ ಭಾರತದ ತಂತಿಗಳ ಮೇಲೆ ಮದ್ರಾಸಿಗೆ ಬಂದು, ಕಡಲಡಿಯ ಕೇಬಲ್ ಹಿಡಿದು ಪೆನಾಂಗ್, ಸಿಂಗಪುರ, ಜಾವಾ ದಾಟಿ ಡಾರ್ವಿನ್ ಮುಟ್ಟುತ್ತಿತ್ತು. ಜಾವಾದ ಬನ್ಯುವಾಂಗಿಯಿಂದ ಬಂದ ಆ ಕೊನೆಯ ಕೇಬಲ್ 1871ರ ನವೆಂಬರಿನಲ್ಲೇ ದಡ ಸೇರಿತ್ತು. 1872ರ ಜೂನ್‌ನಲ್ಲಿ ಅದು ಕೆಟ್ಟಿತು. ನೆಲದ ಮಾರ್ಗ ಮುಗಿದ ಮೇಲೂ ಅದು ಸರಿಹೋಗಲು ಅಕ್ಟೋಬರ್‌ವರೆಗೆ ಕಾಯಬೇಕಾಯಿತು.